ಹದಿನಾಲ್ಕನೇ ಶಾಟಿನ ಕೈ

ಏಪ್ರಿಲ್ 3, ಗುರುವಾರ. ಬೆಳಿಗ್ಗೆ 6.40

ಮತ್ತೆ ಕರೆಂಟಿಲ್ಲ. ಹಾಳೆಯ ಕೆಳಗಿಂದ ಬೆಳಕು ಕೊಡುವ ಲೈಟ್ ಬಾಕ್ಸ್ ಸತ್ತು ಬಿದ್ದಿದೆ. ಹಾಸ್ಟೆಲಿನ ಕಿಟಕಿ ಗಾಜಿಗೆ ಹಾಳೆ ಅಂಟಿಸಿ, ಹೊರಗಿನ ಬೆಳಕಿನಲ್ಲಿ ಕೆಳಗಿನ ಚಿತ್ರ ನೋಡಿಕೊಂಡು ಮೇಲಿನದನ್ನು ಬಿಡಿಸುತ್ತಿದ್ದೇನೆ. ಕೈ ಎತ್ತಿ ಎತ್ತಿ ಭುಜ ಬಿದ್ದುಹೋಗಿದೆ. ಹನ್ನೊಂದನೇ ಶಾಟ್, 31ನೇ ಚಿತ್ರ. ಸೆಕೆಂಡಿಗೆ ಹನ್ನೆರಡು ಚಿತ್ರ, ನಾಲ್ಕು ನಿಮಿಷದ ಸಿನಿಮಾ. ಗುಣಿಸಿ ನೋಡಬಾರದು. ನೋಡಿದರೆ ಅಳು ಬರುತ್ತದೆ.

ನಾಲ್ಕು ವರ್ಷದ ಹಿಂದೆ ಈ ವಿಶ್ವವಿದ್ಯಾಲಯದ ಪುಸ್ತಿಕೆಯಲ್ಲಿ ಓದಿದ್ದೆ — ಇಲಸ್ಟ್ರೇಶನ್, ಡಿಸೈನ್, ಅನಿಮೇಶನ್, 'ಸುಸಜ್ಜಿತ ಸ್ಟುಡಿಯೋ'. ಬರೆದವನು ಕೈಗೆ ಸಿಕ್ಕರೆ ಅವನನ್ನೂ ಈ ಕಿಟಕಿಗೆ ಅಂಟಿಸುತ್ತೇನೆ. ಇಡೀ ಕುಮಾಸಿ ಊರಿಗೆ ಕೇಳಿಸಲಿ ಅವನ ಕೂಗು.

ಸೆಲೋರ್ಮ್ ಫೋನ್ ಮಾಡಿದ. ಸಿನಿಮಾ ನಮ್ಮಿಬ್ಬರದು. ನಾನು ಚಿತ್ರ ಬಿಡಿಸುತ್ತೇನೆ, ಅವನು ಸ್ಕ್ಯಾನ್ ಮಾಡಿ, ಬಣ್ಣ ಹಾಕಿ, ಜೋಡಿಸುತ್ತಾನೆ.

"ಡುಫಿಯೆ, ಎಷ್ಟಾಯ್ತು?"

"ಮೂವತ್ತೊಂದು."

"ನಿನ್ನೆ ರಾತ್ರೀನೂ ಮೂವತ್ತೊಂದೇ ಅಂದಿದ್ದೆ."

"ನಿನ್ನೆ ರಾತ್ರಿಯಿಂದ ಕರೆಂಟ್ ಇದ್ಯೇನೋ? ಫೋನ್ ಇಡು."

ಪಾಪ, ಅವನದೇನೂ ತಪ್ಪಿಲ್ಲ. ಆದರೂ ಬೈಯೋಕೆ ಬೇರೆ ಯಾರು ಸಿಗಬೇಕು ಬೆಳಬೆಳಿಗ್ಗೆ.

ಏಪ್ರಿಲ್ 7, ಸೋಮವಾರ

ಅಗ್ಯೆಮನ್ ಸರ್‌ಗೆ ತೋರಿಸಿದೆವು. ನಮ್ಮ ಗೈಡ್. ಅರ್ಧ ನಿಮಿಷ ನೋಡಿ ಮೂಗು ಮುರಿದರು.

"ಇದೇನಮ್ಮ, ಒಬ್ಳು ಮುದುಕಿ ಗಂಜಿ ಮಾರ್ತಾಳೆ, ಅಷ್ಟೇನಾ? ಹೊರದೇಶದ ಫೆಸ್ಟಿವಲ್‌ನೋರು ಇದನ್ನ ಯಾಕ್ ನೋಡ್ತಾರೆ? ಒಂದು ಡೋಲು ಹಾಕು, ಒಳ್ಳೆ ಬಣ್ಣಬಣ್ಣದ ಹಬ್ಬದ ಕೆಂಟೆ ಬಟ್ಟೆ ಉಡ್ಸು ಅವ್ಳಿಗೆ."

ಕೆಂಟೆ ಉಟ್ಟುಕೊಂಡು ಯಾರು ಸ್ವಾಮಿ ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚುತ್ತಾರೆ? ಇದು ನನ್ನ ಅಜ್ಜಿ. ಟಾಫೊ ಗಲ್ಲಿಯಲ್ಲಿ ಮೂವತ್ತೊಂದು ವರ್ಷದಿಂದ ಸಜ್ಜೆಯ ಕೊಕೊ ಗಂಜಿ, ಜತೆಗೆ ಕೋಸೆ ಎನ್ನುವ ಅಲಸಂದೆ ವಡೆ ಮಾರುತ್ತಿದ್ದಾಳೆ. ಅವಳ ಒಂದು ಬೆಳಗು, ಅಷ್ಟೇ ಸಿನಿಮಾ. ಕೊನೆಗೆ ಹದಿನಾಲ್ಕನೇ ಶಾಟ್. ಅಜ್ಜಿ ನೇರವಾಗಿ ನಮ್ಮನ್ನೇ ನೋಡುತ್ತಾಳೆ, ಪಾತ್ರೆ ತಳದ ಕೊನೆಯ ಬಟ್ಟಲು ತುಂಬಿಸಿ ನಮ್ಮ ಕಡೆ ಚಾಚುತ್ತಾಳೆ. ಎದುರಿಗೆ ಗಿರಾಕಿ ಇಲ್ಲ. ನೋಡುವವರೇ ಗಿರಾಕಿ. ಎಂಟು ಸೆಕೆಂಡು, ತೊಂಬತ್ತಾರು ಚಿತ್ರ. ಈ ಶಾಟಿಗೋಸ್ಕರವೇ ಉಳಿದ ಹದಿಮೂರು.

ಅದನ್ನು ವಿವರಿಸುತ್ತಾ ಪರದೆಯ ಕಡೆ ಕೈ ತೋರಿಸಿದೆ.

"ಆ ಕೈ ಇಳ್ಸು ಮೊದ್ಲು," ಎಂದರು. "ನಾಲ್ಕು ವರ್ಷ ಆಯ್ತು, ಹಿರಿಯರ ಮುಂದೆ ಎಡಗೈ ಆಡ್ಸಬಾರ್ದು ಅನ್ನೋದೂ ಕಲೀಲಿಲ್ವಲ್ಲ ನೀನು."

ಕೈಯಲ್ಲಿ ಪೆನ್ಸಿಲ್ ಇತ್ತು. ಪೆನ್ಸಿಲ್ ಇರುವುದು ಎಡಗೈಯಲ್ಲಿ. ನಮ್ಮಲ್ಲಿ ಎಡಗೈ ಚಾಚಿದರೆ ಬೈದ ಹಾಗೆ. ಉಣ್ಣುವುದು, ಕೊಡುವುದು, ತೆಗೆದುಕೊಳ್ಳುವುದು, ಪರೀಕ್ಷೆ ಬರೆಯುವುದು ಎಲ್ಲ ಬಲಗೈ. ಚಿತ್ರ ಮಾತ್ರ ಎಡಗೈ. ಬಲಗೈಯಲ್ಲಿ ಚಿತ್ರ ಬಿಡಿಸಿದರೆ ಬದನೆಕಾಯಿಗೆ ಕಣ್ಣಿಟ್ಟ ಹಾಗೆ ಬರುತ್ತದೆ, ನಾನೇನು ಮಾಡಲಿ. "ಕ್ಷಮಿಸಿ ಸರ್" ಎಂದೆ. ಹಲ್ಲು ಕಚ್ಚಿಕೊಂಡು.

ಹೊರಗೆ ಬಂದ ಮೇಲೆ ಸೆಲೋರ್ಮ್: "ಡೋಲು ಹಾಕೋಣ್ವಾ ಚಾಲೆ? ಚಿಕ್ಕದು?"

'ಚಾಲೆ', ಗೆಳತಿ, ಅಂತ ಬೇರೆ. ಫೈಲಿನಿಂದಲೇ ಅವನಿಗೆ ಬಾರಿಸಿದೆ.

ಏಪ್ರಿಲ್ 12, ಶನಿವಾರ

ಟಾಫೊಗೆ ಹೋಗಿದ್ದೆ. ಅಜ್ಜಿ ಬಟ್ಟಲು ಕೊಡುವ ಭಂಗಿ ನೋಡಿ ಬರೆದುಕೊಳ್ಳಬೇಕಿತ್ತು. ಮೊಣಕೈ ಎಲ್ಲಿ ಮಡಿಯುತ್ತದೆ, ಹೆಬ್ಬೆರಳು ಎಲ್ಲಿ ಕೂರುತ್ತದೆ.

"ಒಂದ್ನಿಮಿಷ ಹಾಗೇ ಹಿಡ್ಕೊಂಡಿರು ಅಜ್ಜಿ."

"ಹಿಡ್ಕೊಂಡಿದ್ರೆ ಗಂಜಿ ಆರೋಗುತ್ತೆ. ನಿನ್ನ ಗೊಂಬೆಯಾಟಕ್ಕೆ ನನ್ನ ವ್ಯಾಪಾರ ನಿಲ್ಸಕ್ಕಾಗಲ್ಲ ಕಣೇ. ಓದೋಕೆ ಹೋದೋಳು, ಏನ್ ಓದ್ತೀಯ ಅಂತ ಜನ ಕೇಳಿದ್ರೆ ನಾನ್ ಏನ್ ಹೇಳ್ಲಿ? ಕಾರ್ಟೂನು ಅಂತ ಹೇಳ್ಲಾ? ನಮ್ಮ ಗಲ್ಲಿ ಮೇರಿ ಮೊಮ್ಮಗ್ಳು ನೋಡು, ನರ್ಸು."

"ನೀನೇ ಬಂದು ನೋಡು ಮೇ ತಿಂಗಳಲ್ಲಿ. ಆಮೇಲೆ ಹೇಳು ಜನಕ್ಕೆ."

"ನೋಡೋಣ."

ಅಜ್ಜಿಯ ಬಾಯಲ್ಲಿ 'ನೋಡೋಣ' ಬರುವುದು ಅಪರೂಪ. ಒಳಗೊಳಗೇ ಹಿಗ್ಗಿದೆ. ಅದಕ್ಕೂ ಸಿಟ್ಟು ಬಂತು. ಇಷ್ಟು ವಯಸ್ಸಾದರೂ ಅವಳ ಒಂದು ಮಾತಿಗೆ ಬಾಯಿ ಬಿಡುತ್ತೇನಲ್ಲ.

ಬರುವಾಗ ಕೋಸೆ ಕೊಟ್ಟಳು. ಚೀಲದ ಭಾರಕ್ಕೆ ಮರೆತು ಎಡಗೈ ಚಾಚಿದೆ. ಗಿರಾಕಿಗಳ ಎದುರೇ ಮುಂಗೈ ಮೇಲೆ ಸೌಟಿನಿಂದ ಚಟ್ಟಂತ ಬಾರಿಸಿದಳು. ಇಪ್ಪತ್ಮೂರು ವರ್ಷ ನನಗೆ.

ಐದು ವರ್ಷದವಳಿದ್ದಾಗ ಈ ಕೈಯನ್ನು ಹಳೇ ಬಟ್ಟೆ ಸುತ್ತಿ ಸೊಂಟಕ್ಕೆ ಕಟ್ಟುತ್ತಿದ್ದಳು. ಒಂದು ಇಡೀ ಮಳೆಗಾಲ. ಬೆವರಿಗೆ ಬೆರಳ ಸಂದು ಕೊಳೆತು ನಾರುತ್ತಿತ್ತು. ಅವಳು ಮರೆತಿರಬೇಕು. ನಾನು ಮರೆತಿಲ್ಲ.

ಸಂಜೆ ರೂಮಿಗೆ ಬಂದು ನಾನೇ ಅಜ್ಜಿಯಾದೆ. ಮೇಜಿನ ಮೇಲೆ ಕನ್ನಡಿ ನಿಲ್ಲಿಸಿಕೊಂಡೆ. ಒಂದು ಕೈಯಲ್ಲಿ ಬಟ್ಟಲು ಹಿಡಿದು ಕನ್ನಡಿಗೆ ಚಾಚುವುದು, ಇನ್ನೊಂದರಲ್ಲಿ ಕಂಡದ್ದನ್ನು ಬಿಡಿಸುವುದು. ಬಟ್ಟಲಿಗೆ ನೀರು ತುಂಬಿದೆ, ಭಾರ ಗೊತ್ತಾಗಲಿ ಅಂತ. ಮೊದಲ ಏಳು ಚಿತ್ರ ಬಂತು. ಆ ಮಣಿಕಟ್ಟು ಇಳಿಯುವ ರೀತಿ… ಅಜ್ಜಿಯೇ. ಯಾರಿಗೂ ಡೋಲು ಬೇಕಾಗುವುದಿಲ್ಲ.

ಏಪ್ರಿಲ್ 20, ಈಸ್ಟರ್ ಭಾನುವಾರ

ಊರಿಗೆ ಊರೇ ಕ್ವಾಹು ಬೆಟ್ಟಕ್ಕೆ ಹೋಗಿದೆ, ಕುಣಿಯೋಕೆ. ನಾನು, ಸೆಲೋರ್ಮ್, ಬೀಗ ಹಾಕದ ಒಂದು ಲ್ಯಾಬ್. ಹದಿನಾಲ್ಕನೇ ಶಾಟಿನ 58 ಚಿತ್ರ ಆಯಿತು.

ಸೆಲೋರ್ಮ್‌ಗೆ ಒಂದು ಚಟ. ಯಾವ ಚಿತ್ರ ಬಂದರೂ ಕಂಪ್ಯೂಟರಿನಲ್ಲಿ ಎಡಬಲ ಅದಲುಬದಲು ಮಾಡಿ ನೋಡುತ್ತಾನೆ. ಒಂದು ಕೀ ಒತ್ತಿದರೆ ಸಾಕು. ತಿರುಗಿಸಿದರೆ ಡೊಂಕಿದ್ದದ್ದು ಕಣ್ಣಿಗೆ ಹೊಡೆಯುತ್ತದೆ ಎನ್ನುತ್ತಾನೆ. ಎಲ್ಲರೂ ಮಾಡುತ್ತಾರೆ, ನಿಜ. ಆದರೂ ನನ್ನ ಚಿತ್ರವನ್ನು ಇನ್ನೊಬ್ಬರು ಮಗುಚಿ ಹಾಕಿ ನೋಡಿದರೆ ಮೈ ಉರಿಯುತ್ತದೆ.

"ನೋಡ್ಕೊಂಡ್ಮೇಲೆ ವಾಪಸ್ ತಿರುಗ್ಸು. ಹಾಗೇ ಬಿಟ್ಟೀಯ."

"ಒಂದ್ಸಲಾನಾದ್ರೂ ಬಿಟ್ಟಿದೀನಾ?"

"ಬಿಟ್ಟ ದಿನ ನಿನ್ನ ಕೊಲ್ತೀನಿ."

"ಸರಿ ಮೇಡಂ. ಊಟ ಮಾಡು ಮೊದ್ಲು, ಆಮೇಲೆ ಕೊಲ್ಲು." ಅವನಮ್ಮ ವೋಲ್ಟಾ ಕಡೆಯಿಂದ ಕಳಿಸಿದ ಒಣಮೀನು ತೆಗೆದ. ಜುಲೈನಿಂದ ಅವನಿಗೆ ಆಕ್ರಾದ ಸ್ಟುಡಿಯೋದಲ್ಲಿ ಕೆಲಸ. ಡಿಗ್ರಿ ಕೈಗೆ ಬರುವುದೊಂದೇ ಬಾಕಿ. ನನಗೆ ಎಲ್ಲೂ ಇಲ್ಲ. ಇರಲಿ.

ಮೇ 2

96. ಮುಗಿಯಿತು. ಮಲಗುತ್ತೇನೆ.

ಮೇ 14, ಬುಧವಾರ

ಕರೆಂಟ್ ಹೋಗಿ ಬಂದ ಹೊಡೆತಕ್ಕೆ ಸೆಲೋರ್ಮ್‌ನ ಹಾರ್ಡ್‌ಡಿಸ್ಕ್ ಸುಟ್ಟುಹೋಯಿತು. ಸ್ಕ್ಯಾನ್‌ಗಳು, ಫೈಲುಗಳು ಎಲ್ಲ ಹೊಗೆ. ಪುಣ್ಯಕ್ಕೆ ಅರ್ಧ ಗಂಟೆ ಮುಂಚೆ ಪೂರ್ತಿ ಸಿನಿಮಾ ಒಂದು ಪೆನ್‌ಡ್ರೈವಿಗೆ ಇಳಿಸಿದ್ದ. ಇಬ್ಬರೂ ನೆಲದ ಮೇಲೆ ಕೂತು ಹುಚ್ಚರ ಹಾಗೆ ನಕ್ಕೆವು. ಫೋನಿನಲ್ಲಿ ಹಾಕಿ ಒಂದು ಸಲ ನೋಡಿದೆವು, ಬೆರಳಗಲದ ಅಜ್ಜಿ. ಚೆನ್ನಾಗಿದೆ. ನಿಜವಾಗಿಯೂ ಚೆನ್ನಾಗಿದೆ.

ಮೇ 16, ಶುಕ್ರವಾರ. ಮಧ್ಯಾಹ್ನ 2

ಸಂಜೆ ಇಲಾಖೆಯ ಹಾಲಿನಲ್ಲಿ ನಮ್ಮ ಬ್ಯಾಚಿನ ಸಿನಿಮಾಗಳ ಪ್ರದರ್ಶನ. ಅಜ್ಜಿ ಬರುತ್ತಿದ್ದಾಳೆ! ಒಬ್ಬಳೇ ಅಲ್ಲ. ಇವತ್ತು ಬೇಗ ಒಲೆ ಆರಿಸಿ, ಒಂದು ಟ್ರೋಟ್ರೋ ವ್ಯಾನ್ ತುಂಬ ಗಲ್ಲಿಯ ಜನರನ್ನು ಹೊರಡಿಸಿಕೊಂಡಿದ್ದಾಳಂತೆ. ಗಿರಾಕಿಗಳು, ಚರ್ಚಿನ ಹೆಂಗಸರು, ಕೊನೆಗೆ ಗಲ್ಲಿಯ ಹಿರಿಯ ಓಪಾನ್ಯಿನ್ ಬದು ಕೂಡ. ಮದುವೆ, ಹೆಣ, ಜಗಳ ಯಾವುದೂ ಅವರಿಲ್ಲದೆ ಟಾಫೊದಲ್ಲಿ ಮುಗಿಯುವುದಿಲ್ಲ. "ನನ್ ಸಿನಿಮಾ ಇದೆ, ಬನ್ನಿ" ಎಂದು ಎಲ್ಲರಿಗೂ ಹೇಳಿದ್ದಾಳಂತೆ. ನನ್ ಸಿನಿಮಾ! ಕಾರ್ಟೂನು ಅಂದವಳು!

ಸೆಲೋರ್ಮ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾನೆ. ಕಾಲರ್ ಸುಟ್ಟಿದೆ.

ಮೇ 17, ಶನಿವಾರ

ಬರೆಯಲೇಬೇಕು. ಇಲ್ಲದಿದ್ದರೆ ಯಾರನ್ನಾದರೂ ಹೊಡೆದುಬಿಡುತ್ತೇನೆ.

ನಿನ್ನೆ ಹಾಲ್ ತುಂಬಿತ್ತು. ನಮ್ಮದು ಆರನೆಯದು. ಅಜ್ಜಿ ಮೊದಲ ಸಾಲಿನಲ್ಲಿ, ನೀಲಿ-ಬಿಳಿ ಹೊಸ ಬಟ್ಟೆ, ತಲೆಗೆ ಅದೇ ಬಣ್ಣದ ವಸ್ತ್ರ. ಪರದೆ ಮೇಲೆ ಒಲೆ ಹತ್ತಿಕೊಂಡಿತು. ಟಾಫೊದವರು ಸಿಳ್ಳೆ ಹೊಡೆದರು. "ನಮ್ಮ ಗಲ್ಲಿ! ಆ ಮೋರಿ ನೋಡು, ಅದೇ ಮೋರಿ!" ಕೋಸೆ ಎಣ್ಣೆಗೆ ಬಿದ್ದಾಗ ಚಪ್ಪಾಳೆ. ಅಜ್ಜಿ ಹಿಂದಕ್ಕೆ ತಿರುಗಿ ಎಲ್ಲರನ್ನೂ ನೋಡುತ್ತಿದ್ದಳು, ಪರದೆಗಿಂತ ಹೆಚ್ಚು.

ಹದಿನಾಲ್ಕನೇ ಶಾಟ್. ಅಜ್ಜಿ ತಲೆ ಎತ್ತಿದಳು, ಬಟ್ಟಲು ತುಂಬಿದಳು, ಚಾಚಿದಳು.

"ಏಯ್!" ಎಂದಿತು ಹಾಲ್. ಒಂದೇ ಉಸಿರಿಗೆ.

ನನಗೆ ಅರ್ಥವಾಗಲಿಲ್ಲ ಮೊದಲು. ಆಮೇಲೆ ನೋಡಿದೆ. ಎಡಗೈ. ಗೋಡೆಯಷ್ಟು ದೊಡ್ಡ ಎಡಗೈ. ಅಲ್ಲಿ ಕೂತ ಮುನ್ನೂರು ಜನಕ್ಕೆ, ಒಬ್ಬೊಬ್ಬರಿಗೂ, ನನ್ನ ಅಜ್ಜಿ ಎಡಗೈಯಲ್ಲಿ ಅನ್ನ ಕೊಡುತ್ತಿದ್ದಾಳೆ. ಎಂಟು ಸೆಕೆಂಡು. ಮುಗಿಯಲೇ ಇಲ್ಲ ಅದು.

ಹಿಂದಿನ ಸಾಲಿನ ಹುಡುಗರು ನಕ್ಕರು. "ತಗೊಳ್ರೋ, ಅಜ್ಜಿ ಬೈಗುಳದ ಜತೆ ಗಂಜಿ ಕೊಡ್ತಾಳೆ!" ಓಪಾನ್ಯಿನ್ ಬದು ಎದ್ದರು. ಬಟ್ಟೆ ಹೆಗಲ ಮೇಲೆ ಸರಿಮಾಡಿಕೊಂಡರು. ಅಜ್ಜಿಗೆ ಕೇಳುವ ಹಾಗೆ ಹೇಳಿದರು, "ಇಷ್ಟು ವರ್ಷ ನಿನ್ ಕೈಯಿಂದ ಗಂಜಿ ಕುಡ್ದಿದೀನಿ ತಾಯಿ. ಇದನ್ನ ನೋಡೋಕಾ ಕರ್ಕೊಂಡ್ ಬಂದಿದ್ದು?" ಹೊರಟರು. ಹಿರಿಯರು ಎದ್ದ ಮೇಲೆ ಇನ್ನು ಯಾರು ಕೂರುತ್ತಾರೆ? ಟಾಫೊದ ಸಾಲೆಲ್ಲ ಖಾಲಿ. ಅಜ್ಜಿ ಕೊನೆಗೆ ಎದ್ದಳು. ನನ್ನ ಮುಂದೆಯೇ ಹಾದುಹೋದಳು. ಕಣ್ಣೆತ್ತಿ ನೋಡಲಿಲ್ಲ.

ಅಗ್ಯೆಮನ್ ಸರ್ ಮೈಕ್ ಹಿಡಿದರು. "ವಿದ್ಯಾರ್ಥಿಗಳ ಅಜಾಗರೂಕತೆ. ಇಲಾಖೆಯ ಪರವಾಗಿ ಕ್ಷಮೆ ಕೇಳ್ತೀನಿ." ಗೈಡ್ ಆಗಿ ನೀವು ನೋಡಿದ್ದೇ ಅರ್ಧ ನಿಮಿಷ ಸ್ವಾಮಿ.

ಸೆಲೋರ್ಮ್‌ನನ್ನು ಹಾಲಿನ ಹಿಂದೆ ಹಿಡಿದೆ.

"ತಿರುಗ್ಸಿ ಹಾಗೇ ಬಿಟ್ಟಿದೀಯ!"

"ಇಲ್ಲ… ಇಲ್ಲ ಅನ್ಸುತ್ತೆ…"

"ಅನ್ಸುತ್ತಾ? ನಾನ್ ಬಲಗೈ ಆಡ್ಸಿ ಬಿಡ್ಸಿದೀನಿ ಕಣೋ! ಬಟ್ಲು ನನ್ನ ಬಲಗೈಲಿತ್ತು! ತೊಂಬತ್ತಾರು ಚಿತ್ರ!"

"ಡುಫಿಯೆ, ಎರಡ್ ದಿನ ನಿದ್ದೆ ಮಾಡಿರ್ಲಿಲ್ಲ ನಾನು, ಗೊತ್ತಿಲ್ಲ, ಫೈಲ್ ಇದ್ದಿದ್ರೆ ನೋಡಬೋದಿತ್ತು…"

ಬಾಯಿಗೆ ಬಂದದ್ದೆಲ್ಲ ಅಂದೆ. ಅವನಮ್ಮನನ್ನೂ ಬಿಡಲಿಲ್ಲ. ಅವನು ಸುಟ್ಟ ಕಾಲರ್ ಹಿಡಿದುಕೊಂಡು ನಿಂತಿದ್ದ.

ಮೇ 19, ಸೋಮವಾರ

ಅಜ್ಜಿ ಇವತ್ತೂ ಒಲೆ ಹಚ್ಚಿಲ್ಲವಂತೆ. ಫೋನ್ ಎತ್ತುತ್ತಿಲ್ಲ. ಪಕ್ಕದ ಮನೆಯವಳು ಎತ್ತಿ ಹೇಳಿದಳು, ಗಲ್ಲಿಯ ಪಡ್ಡೆ ಹುಡುಗರು ಅವಳ ಬಾಗಿಲ ಮುಂದೆ ಹಾದುಹೋಗುವಾಗ ಎಡಗೈ ಬೀಸುತ್ತಾರಂತೆ. ಮೂವತ್ತೊಂದು ವರ್ಷ. ಜ್ವರ ಇದ್ದರೂ ಒಲೆ ಆರಿಸದವಳು.

ಇಲಾಖೆ ನಮ್ಮ ಸಿನಿಮಾದ ಅಂಕ ತಡೆಹಿಡಿದಿದೆ. ತಪ್ಪು ಯಾರದೋ ಅವರು ಫೇಲ್, ಇನ್ನೊಬ್ಬರು ಪಾಸ್. ದೂರು ಬರೆದು ಕೊಡಿ ಎಂದರು. ಬರೆದೆ. ಎರಡು ಪುಟ. 'ನನ್ನ ಸಹಪಾಠಿ ಸೆಲೋರ್ಮ್ ಅಗ್ಬೆನು ನನ್ನ ಗಮನಕ್ಕೆ ತಾರದೆ ಚಿತ್ರಗಳನ್ನು ತಿರುಗಿಸಿ…' ಒಂದೇ ಏಟಿಗೆ ಸಹಿ ಹಾಕಿದೆ. ಅವನ ಆಕ್ರಾ ಕೆಲಸ ಹೋಗುತ್ತದೆ. ಹೋಗಲಿ. ನನ್ನ ಅಜ್ಜಿಯ ಮಾನ ಹೋಗಿಲ್ಲವೇ?

ಮೇ 21, ಬುಧವಾರ

ಆ ಪೆದ್ದ ಟಾಫೊಗೆ ಹೋಗಿದ್ದನಂತೆ. ಒಬ್ಬನೇ. ಒಂದು ಬಾಟಲಿ ಜಿನ್ ಮದ್ಯ ಹಿಡಿದುಕೊಂಡು, ಹಿರಿಯರ ಮುಂದೆ ಕ್ಷಮೆ ಕೇಳುವ ಕ್ರಮದ ಪ್ರಕಾರ, ಓಪಾನ್ಯಿನ್ ಬದು ಮನೆಗೆ ಮೊದಲು ಹೋಗಿ, ಅವರನ್ನು ಮುಂದಿಟ್ಟುಕೊಂಡು ಅಜ್ಜಿಯ ಬಾಗಿಲಿಗೆ. ಗಲ್ಲಿಯೆಲ್ಲ ನೋಡುತ್ತಿದ್ದ ಹಾಗೆ ಮಣ್ಣಿನಲ್ಲಿ ಮೊಣಕಾಲೂರಿ, "ನನ್ ಕೈಯಿಂದಾದ ತಪ್ಪು ಅಜ್ಜಿ, ನಿಮ್ದೂ ಅಲ್ಲ, ನಿಮ್ಮ ಮೊಮ್ಮಗಳ್ದೂ ಅಲ್ಲ" ಎಂದನಂತೆ. ಅಜ್ಜಿ ಎಬ್ಬಿಸಿ ನೀರು ಕೊಟ್ಟಳಂತೆ. ನಾಳೆಯಿಂದ ಅಂಗಡಿ ತೆಗೆಯುತ್ತಾಳೆ.

ಲ್ಯಾಬಿನಲ್ಲಿ ಸಿಕ್ಕ. ಕಣ್ಣು ಕೆಂಪಗೆ.

"ತುಂಬ ಯೋಚ್ನೆ ಮಾಡ್ದೆ. ನಾನೇ ಒತ್ತಿರ್ಬೇಕು. ಆ ದಿನ ಏನ್ ಮಾಡ್ದೆ ಅಂತ ನಿಜವಾಗ್ಲೂ ನೆನಪಿಲ್ಲ. ನೀನ್ ಬರ್ದಿದ್ದು ಸರಿಯಾಗೇ ಇದೆ, ಚಾಲೆ."

ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಇಷ್ಟು ಸುಲಭಕ್ಕೆ ಒಪ್ಪಿಕೊಂಡುಬಿಟ್ಟರೆ ನಾನು ಯಾರ ಮೇಲೆ ಕೂಗಾಡಲಿ.

ಮೇ 23, ಶುಕ್ರವಾರ. ಸಂಜೆ 5

ದೂರು ವಿಚಾರಿಸುವ ಸಮಿತಿಯಿಂದ ಚೀಟಿ. 28ರಂದು ವಿಚಾರಣೆ, ಮೂಲ ಚಿತ್ರಗಳನ್ನು ತನ್ನಿ. ಸಂತೋಷ. ತೊಂಬತ್ತಾರು ಹಾಳೆ ಮೇಜಿನ ಮೇಲೆ ಹರಡುತ್ತೇನೆ, ಕಣ್ಣಾರೆ ನೋಡಲಿ. ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆ ಎಳೆದೆ.

5.20

ಇಲ್ಲ.

5.45

ಮತ್ತೆ ನೋಡಿದೆ. ಒಂದನೇ ಹಾಳೆ. ಮೂಲೆಯಲ್ಲಿ ನನ್ನ ಅಕ್ಷರ: 14/1. ಅಜ್ಜಿ ನನ್ನ ಕಡೆ ಮುಖ ಮಾಡಿ ನಿಂತಿದ್ದಾಳೆ. ಬಟ್ಟಲು ಹಾಳೆಯ ಬಲಗಡೆ. ನನ್ನ ಬಲಗಡೆ. ಅಂದರೆ ಅವಳ ಎಡಗೈ. ಹೆಬ್ಬೆರಳು ನೋಡಿದರೆ ಅನುಮಾನವೇ ಇಲ್ಲ. ಎರಡನೆಯದೂ ಹಾಗೇ. ತೊಂಬತ್ತಾರೂ ಹಾಗೇ.

ಸೆಲೋರ್ಮ್ ಏನೂ ತಿರುಗಿಸಿಲ್ಲ.

ಕನ್ನಡಿ ಮತ್ತೆ ನಿಲ್ಲಿಸಿದೆ. ಎಡಗೈಗೆ ಪೆನ್ಸಿಲ್. ಚಿತ್ರ ಬಿಡಿಸುವುದು ಅದರಲ್ಲೇ ಆದ್ದರಿಂದ ಖಾಲಿ ಇದ್ದದ್ದು ಬಲಗೈ, ಬಟ್ಟಲು ಅದರಲ್ಲಿ. ಚಾಚಿದೆ. ಕನ್ನಡಿಯೊಳಗಿನವಳೂ ಚಾಚಿದಳು. ಅವಳು ಚಾಚಿದ್ದು ಎಡಗೈ. ನಾನು ಅವಳನ್ನು ನೋಡಿ ನೋಡಿ, ಕೂದಲೆಳೆಯಷ್ಟೂ ತಪ್ಪದ ಹಾಗೆ ಬಿಡಿಸಿದ್ದೇನೆ. ಬಲಗೈಯಲ್ಲಿ ಚಿತ್ರ ಬಿಡಿಸುವ ಯಾರೇ ಆಗಿದ್ದರೂ ಬಟ್ಟಲು ಎಡಗೈಯಲ್ಲಿರುತ್ತಿತ್ತು, ಕನ್ನಡಿ ಅದನ್ನು ಬಲಗೈ ಮಾಡಿ ತೋರಿಸುತ್ತಿತ್ತು, ಸಿನಿಮಾ ಸರಿಯಾಗಿರುತ್ತಿತ್ತು. ಇಡೀ ತರಗತಿಯಲ್ಲಿ ಈ ತಪ್ಪು ಮಾಡಬಲ್ಲವಳು ನಾನೊಬ್ಬಳೇ.

ಒಂದು ತಿಂಗಳಿನಿಂದ ನೋಡುತ್ತಲೇ ಇದ್ದೆವು, ಇಬ್ಬರೂ. ನನ್ನ ಬಲಕ್ಕಿದೆ, ಆದ್ದರಿಂದ ಬಲಗೈ. ಚಿತ್ರ ನೋಡುವವರಿಗೆ ಹಾಗೇ ಕಾಣುವುದು. ಓಪಾನ್ಯಿನ್ ಬದು ಚಿತ್ರ ನೋಡಲಿಲ್ಲ, ಮನುಷ್ಯಳನ್ನು ನೋಡಿದರು. ಅವರಿಗೆ ಕ್ಷಣದಲ್ಲಿ ಗೊತ್ತಾಯಿತು.

ಅವನು ಮಣ್ಣಿನಲ್ಲಿ ಮೊಣಕಾಲೂರಿದ್ದ.

ಮೇ 24

ಒಂದು ಬೆಂಕಿಕಡ್ಡಿ ಸಾಕು. ಪೆಟ್ಟಿಗೆಗೆ ಇಲಿ ಬಿತ್ತು, ಮಳೆ ನೀರು ನುಗ್ಗಿತು ಎಂದರೆ ಯಾರು ಕೇಳುತ್ತಾರೆ? ಅವನೇ ಒಪ್ಪಿಕೊಂಡಿದ್ದಾನಲ್ಲ.

ಇದನ್ನು ಬರೆದ ಕೈಯನ್ನು ಏನು ಮಾಡಬೇಕು.

ಮೇ 26, ಸೋಮವಾರ

ಅಜ್ಜಿಗೆ ಹೇಳಿದೆ. ಬೆಳಗಿನ ವ್ಯಾಪಾರ ಮುಗಿದು ಪಾತ್ರೆ ತೊಳೆಯುತ್ತಿದ್ದಳು. ಎಲ್ಲ ಹೇಳಿದೆ — ಕನ್ನಡಿ, ಬಟ್ಟಲು, ಹಾಳೆ, ದೂರು. ಪಾತ್ರೆ ಉಜ್ಜುವುದು ನಿಂತಿತು.

"ಇದು ಬೇರೆ ಯಾರಿಗ್ಗೊತ್ತು?"

"ಯಾರಿಗೂ ಇಲ್ಲ."

"ಹಾಗಾದ್ರೆ ಮುಗೀತು. ಬಾಯ್ಮುಚ್ಕೊಂಡಿರು."

"ಅಜ್ಜಿ, ಅವನು ಫೇಲಾಗ್ತಾನೆ. ಕೆಲಸ ಹೋಗುತ್ತೆ."

"ಆ ಹುಡ್ಗ ಕ್ಷಮೆ ಕೇಳ್ದ, ನಾನ್ ಕೊಟ್ಟೆ, ಓಪಾನ್ಯಿನ್ ಅವ್ರು ಜಿನ್ನನ್ನ ನೆಲಕ್ಕೆ ಸುರಿದು ಮುಗ್ಸಿದ್ರು. ಹಿರಿಯರು ಮುಚ್ಚಿದ್ದನ್ನ ನೀನ್ ಕೆದಕ್ತೀಯಾ? ಅವ್ನೋ ವೋಲ್ಟಾ ಕಡೆಯೋನು, ನಾಳೆ ಅವ್ನೂರಿಗೆ ಹೋಗ್ತಾನೆ. ಈ ಗಲ್ಲೀಲಿ ಬಾಳೋಳು ನಾನು. ಬೇರೆಯೋನು ಅವಮಾನ ಮಾಡ್ದ ಅಂದ್ರೆ ಜನ ಮರೀತಾರೆ. ಸ್ವಂತ ಮೊಮ್ಮಗ್ಳೇ ಮಾಡಿದ್ಳು ಅಂದ್ರೆ?"

"ಬೇಕಂತ ಮಾಡಿದ್ದಲ್ಲ!"

"ಆ ಕೈಯಿಂದ್ಲೇ ತಾನೇ ಆಗಿದ್ದು? ಅದಕ್ಕೇ ಕಟ್ಟಿದ್ದೆ ಅದನ್ನ. ಇನ್ನೊಂದು ವರ್ಷ ಕಟ್ಟಬೇಕಿತ್ತು."

ಮರೆತಿಲ್ಲ ಅವಳು. ಇಷ್ಟು ವರ್ಷ ಮರೆತಿದ್ದಾಳೆ ಎಂದುಕೊಂಡು ಕ್ಷಮಿಸಿದ್ದೆ.

ಏನಂದೆ ಎಂದು ಪೂರ್ತಿ ನೆನಪಿಲ್ಲ. ಗಲ್ಲಿಗೆಲ್ಲ ಕೇಳಿಸಿರಬೇಕು. ಈ ಕೈ ಅಸಹ್ಯ ಅಂತ ಹೇಳಿಕೊಟ್ಟವಳು ನೀನು, ಆ ಅಸಹ್ಯದ ಕೈ ಮೂರು ತಿಂಗಳು ನಿದ್ದೆಗೆಟ್ಟು ನಿನ್ನನ್ನು ಮಾತ್ರ ಬಿಡಿಸಿತು, ಬೇರೆ ಏನನ್ನೂ ಅಲ್ಲ. ನಿನ್ನ ಮುಖದ ಒಂದೊಂದು ಗೆರೆ ಅದಕ್ಕೆ ಗೊತ್ತು. ಆಗ ಕೈ ಕಟ್ಟಿದೆ, ಈಗ ನಾಲಿಗೆ ಕಟ್ಟುತ್ತೀಯಾ? ಹೀಗೇ ಏನೋ. ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು.

ಅಜ್ಜಿ ತೊಳೆದ ಪಾತ್ರೆ ಕವುಚಿಟ್ಟಳು. ಆಮೇಲೆ, "ಹೇಳ್ಕೊಂಡ್ರೆ ಈ ಬಾಗಿಲಿಗೆ ಬರ್ಬೇಡ," ಎಂದಳು. ಮೆಲ್ಲಗೆ. ಅವಳು ಮೆಲ್ಲಗೆ ಹೇಳಿದ್ದು ಯಾವುದನ್ನೂ ಹಿಂದೆ ತೆಗೆದುಕೊಂಡಿಲ್ಲ.

ಟ್ರೋಟ್ರೋದಲ್ಲಿ ಅತ್ತುಕೊಂಡು ಬಂದೆ. ಪಕ್ಕದ ಹೆಂಗಸು, "ಯಾರಮ್ಮ ಹೋಗಿದ್ದು?" ಎಂದು ಕೇಳಿದಳು.

ಮೇ 28, ಬುಧವಾರ. ಬೆಳಿಗ್ಗೆ 9.50

ಸಮಿತಿ ಕೋಣೆಯ ಹೊರಗೆ ಬೆಂಚು. ಹತ್ತಕ್ಕೆ ಕರೆಯುತ್ತಾರೆ. ಬರೆಯುತ್ತಿರುವುದು ಕೈ ಸುಮ್ಮನಿರಲಿ ಅಂತ.

ಸುಡಲಿಲ್ಲ. ನಿನ್ನೆ ಮಧ್ಯಾಹ್ನ ಕಡ್ಡಿ ಗೀರಿದ್ದು ನಿಜ. ಬರೆದಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಾನು ಒಳ್ಳೆಯವಳು ಎಂದುಕೊಂಡುಬಿಡುತ್ತೇನೆ. ಗೀರಿದೆ, ಬೆರಳು ಸುಡುವ ತನಕ ಹಿಡಿದಿದ್ದೆ, ಆಮೇಲೆ ಬಿಸಾಕಿದೆ.

ಸೆಲೋರ್ಮ್ ಬಂದ. ಅದೇ ಅಂಗಿ. ಕುಳಿತ. ಇನ್ನೂ ನನ್ನ ಪಕ್ಕದಲ್ಲೇ ಕೂರುತ್ತಾನೆ, ಕತ್ತೆ. ಬೋಫ್ರೋಟ್ ಬೋಂಡಾದ ಪೊಟ್ಟಣ ಬಿಚ್ಚಿ ನನ್ನ ಕಡೆ ತಳ್ಳಿದ.

"ತಿಂಡಿ ತಿಂದಿರಲ್ಲ ನೀನು."

ಬೇಡ ಎಂದೆ.

"ಒಳಗೆ ನಾನೇ ಮೊದ್ಲು ಒಪ್ಕೊಂಡ್ಬಿಡ್ತೀನಿ, ಬೇಗ ಮುಗ್ಯುತ್ತೆ. ಸ್ಟುಡಿಯೋದವ್ರಿಗೂ ಹೇಳ್ದೆ, ಬರಕ್ಕಾಗಲ್ಲ ಅಂತ. ಅಮ್ಮನಿಗೆ ಇನ್ನೂ ಹೇಳಿಲ್ಲ."

ಹೇಳಿಬಿಟ್ಟನಂತೆ. ಅವನಿಗೆ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಮಾಡದ ತಪ್ಪನ್ನು ಮೈಮೇಲೆ ಹೊತ್ತುಕೊಂಡು ಹೀಗೆ ಶಾಂತವಾಗಿ ಬೋಂಡಾ ತಿನ್ನುವವನನ್ನು ಏನು ಮಾಡುವುದು? ಇಲ್ಲ. ಹೊಡೆಯಬೇಕಾದದ್ದು ಅವನಿಗಲ್ಲ.

"ಅದೇನು, ಮೂಲ ಚಿತ್ರಗಳಾ?" ಎಂದ.

ಕೊಟ್ಟೆ. ಮಾತಿನಲ್ಲಿ ಹೇಳಲು ಧೈರ್ಯ ಬರಲಿಲ್ಲ, ಕಟ್ಟನ್ನೇ ತೊಡೆಯ ಮೇಲೆ ಇಟ್ಟೆ.

ಕೈ ಒರೆಸಿಕೊಂಡ. ಅಂಚು ಹಿಡಿದು ಹೆಬ್ಬೆರಳಿನಿಂದ ಸರಸರ ಹಾಳೆ ಬಿಟ್ಟ. ಅಜ್ಜಿ ತಲೆ ಎತ್ತಿದಳು, ಬಟ್ಟಲು ಚಾಚಿದಳು. ಮತ್ತೊಮ್ಮೆ ಬಿಟ್ಟ. ಮೂರನೆಯ ಸಲ ನಡುವೆ ನಿಲ್ಲಿಸಿದ. ಮೂಲೆಯ ನಂಬರ್ ಓದಿದ. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ, ಹಾಳೆ ನೋಡಿದ.

ನಾನು ಪುಸ್ತಕದಿಂದ ತಲೆ ಎತ್ತುತ್ತಿಲ್ಲ, ಓರೆಗಣ್ಣಿನಲ್ಲೇ ನೋಡುತ್ತಿದ್ದೇನೆ.

"ಹಂಗಾದ್ರೆ ನಾನಲ್ಲ," ಎಂದ.

ನನಗೆ ಹೇಳಿದ್ದಲ್ಲ. ತನಗೇ ಹೇಳಿಕೊಂಡದ್ದು. ಇನ್ನೊಮ್ಮೆ ಹೇಳಿದ, "ನಾನಲ್ಲ." ಧ್ವನಿ ಒಡೆಯಿತು. ಬೈಯೋ, ನನ್ನನ್ನೂ ನನ್ನ ವಂಶವನ್ನೂ ಸೇರಿಸಿ ಬೈಯೋ ಮಾರಾಯ. ಬೈಯುತ್ತಿಲ್ಲ. ಬೋಂಡಾ ಪೊಟ್ಟಣ ನಮ್ಮಿಬ್ಬರ ನಡುವೆ ಹಾಗೇ ಇದೆ.

ಬಾಗಿಲು ತೆಗೆದರು. "ಸೆಲೋರ್ಮ್ ಅಗ್ಬೆನು."

ತಪ್ಪು ನನ್ನದು, ಮೊದಲು ನಾನು ಎಂದು ಎದ್ದಿದ್ದೇನೆ, ನಿಂತೇ ಬರೆಯುತ್ತಿದ್ದೇನೆ. ಒಳಗಿನಿಂದ ಅಗ್ಯೆಮನ್ ಸರ್ ಇಣುಕುತ್ತಿದ್ದಾರೆ. ಹಾಳೆಗಳಿಗೆ ಎಡಗೈ ಚಾಚಿದ್ದೇನೆ. ಸೆಲೋರ್ಮ್ ಬಿಡುತ್ತಿಲ್ಲ, ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಾನೆ.